ಖಾಲಿ ಮನೈ

ನಲ್ಲಿಯ ಕೊಳವೆ ಹೂಳುವವರು ಎದುರು ಮನೆಗೆ ಹಾಕಿದರು, ಪಕ್ಕದ ಮನೆಗೆ ಹಾಕಿದರು, ಓಚ್ಚಮ್ಮಾಳ್ ಮನೆಯನ್ನು ಮಾತ್ರ ಕಣ್ಣೆತ್ತಿಯೂ ನೋಡದೆ ಮುಂದಕ್ಕೆ ಹೋದರು. ಮುದುಕಿ ಸೆರಗು ಸಿಕ್ಕಿಸಿಕೊಂಡು ಬೀದಿಗಿಳಿದು ಮೇಸ್ತ್ರಿಯನ್ನು ತಡೆದಳು. ಅವನು ಮೊಬೈಲು ತೆಗೆದು ನೋಡಿ, ಈ ನಂಬರಿನಲ್ಲಿ ಕಟ್ಟಡವೇ ಇಲ್ಲ, ಬರೀ ಖಾಲಿ ಸೈಟು ಅಂತ ನಗರಸಭೆಯ ಲೆಕ್ಕದಲ್ಲಿದೆ, ಖಾಲಿ ಸೈಟಿಗೆ ನೀರು ಕೊಟ್ಟರೆ ಕುಡಿಯೋರು ಯಾರು ಅಂದ. ಬೇಲಿ, ಬಣವೆ, ಕಣ ದಾಟಿದರೆ ಅವಳ ಹೆಂಚಿನ ಮನೆ. ಅದರೊಳಗಿಂದ ಒಗ್ಗರಣೆಯ ವಾಸನೆ ಬೀದಿಯವರೆಗೂ ಬರುತ್ತಿತ್ತು.

ಎಲ್ಲಿ ಎಡವಟ್ಟಾಯಿತು ಎಂದು ಹೊಳೆಯಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಬೇಸಿಗೆಯಲ್ಲಿ ಸರ್ವೆಗೆ ಬಂದವನು ಹೊರಗಿನವನೇನಲ್ಲ, ಮೈದುನನ ಮಗಳು ಇಂದ್ರಾಣಿಯ ಮಗ ಮುತ್ತುಕುಮಾರ್. ನಗರಸಭೆಯಲ್ಲಿ ಹಂಗಾಮಿ ಕೆಲಸ. ಬೈಕಿನಿಂದ ಇಳಿಯದೆ ಬೇಲಿಯಾಚೆಯಿಂದಲೇ, ಪಾಟಿ, ಇದನ್ನು ಏನಂತ ಬರೆದುಕೊಳ್ಳಲಿ ಎಂದು ಅಜ್ಜಿಯನ್ನು ತಮಿಳಿನಲ್ಲಿ ಕೇಳಿದ್ದ. ನಮ್ಮ ಹುಡುಗನೇ ಬಂದನಲ್ಲ ಎಂಬ ಹಿಗ್ಗಿನಲ್ಲಿ ಅವಳು ಮನೆಮಾತಿನಲ್ಲಿ ಉತ್ತರ ಕೊಟ್ಟಿದ್ದಳು.

"ಮನೆ ಕಣ್ಣೂ, ನಮ್ಮ ಮನೆ. ಒಳಕ್ಕೆ ಬಾ, ಕಾಪಿ ಕುಡ್ದು ಹೋಗು."

ತಮಿಳುನಾಡಿನ ಈ ಕಣಿವೆಯ ಕನ್ನಡದವರಿಗೆ ಮನೆ ಅಂದರೆ ಮನೆ. ತಮಿಳಿನವರು ವಾಸದ ಮನೆಯನ್ನು ವೀಡು ಅನ್ನುತ್ತಾರೆ; ಮನೈ ಅಂದರೆ ಅವರಿಗೆ ಕಟ್ಟಡವಿಲ್ಲದ ಬರೀ ಜಾಗ. ಇಸ್ಕೂಲು, ಕಾಲೇಜು, ಗೆಳೆಯರು ಎಲ್ಲ ತಮಿಳೇ ಆದ ಹುಡುಗನ ಕಿವಿಗೆ ಬಿದ್ದದ್ದು ಮನೈ, ಕಣ್ಣಿಗೆ ಬಿದ್ದದ್ದು ಖಾಲಿ ಕಣ. ಕಾಪಿ ಕುಡಿಯಲಿಕ್ಕಾದರೂ ಇಳಿದಿದ್ದರೆ ಮನೆ ಕಾಣುತ್ತಿತ್ತು, ಪಾಪಿ. ಹೊತ್ತಾಯಿತು ಎಂದು ಬೈಕು ತಿರುಗಿಸಿಕೊಂಡು ಹೋಗಿದ್ದ.

ಮನೆಮನೆಗೂ ನಲ್ಲಿ ಬಂತು, ಆದ್ದರಿಂದ ಶುಕ್ರವಾರದಿಂದ ಬೀದಿ ನಲ್ಲಿ ಮುಚ್ಚಲಾಗುವುದು ಎಂದು ನಗರಸಭೆಯ ಆಟೋ ಎರಡು ದಿನದಿಂದ ಮೈಕಿನಲ್ಲಿ ಸಾರುತ್ತಿತ್ತು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಹಾಗಾಯಿತು. ಬೀದಿ ನಲ್ಲಿ ನಿಂತರೆ ನೀರಿಗೆ ಬಸ್ ಸ್ಟ್ಯಾಂಡ್ ಹತ್ತಿರದ ತೊಟ್ಟಿಗೇ ಹೋಗಬೇಕು. ಕೊಡ ಹೊರಲಾರದಂತೆ ಓಚ್ಚಮ್ಮಾಳ್ ಸೊಂಟ ಬಿದ್ದುಹೋಗಿ ವರ್ಷವಾಯಿತು. ಮಗ ದುರೈ ಬೆಳಕು ಹರಿಯುವ ಮುಂಚೆ ದ್ರಾಕ್ಷಿ ತೋಟಕ್ಕೆ ಹೋದರೆ ಬರುವುದು ಕತ್ತಲಾದ ಮೇಲೆ. ಉಳಿದವಳು ಸೊಸೆ ತಮಿಳರಸಿ, ಅವಳೋ ತುಂಬು ಬಸುರಿ.

ಓಚ್ಚಮ್ಮಾಳ್ ಅಂದೇ ನಗರಸಭೆಗೆ ಹೋಗಿ ಕಿಟಕಿಯಲ್ಲಿ ದೂರು ಹೇಳಿ ಬಂದಳು. ನಾಳೆ ಎಂಜಿನಿಯರು ಬಂದು ನೋಡುತ್ತಾರೆ ಎಂದು ಕಿಟಕಿಯವನು ಭರವಸೆ ಕೊಟ್ಟ. ತಪ್ಪು ಸರ್ವೆಯವನದಾಗಿದ್ದರೆ ಮಾರನೆಯ ದಿನವೇ ನಲ್ಲಿ, ಮನೆಯವರೇ ತಪ್ಪು ಹೇಳಿದ್ದರೆ ಹೊಸದಾಗಿ ಅರ್ಜಿ, ಅದು ಮುಂದಿನ ವರ್ಷದ ಮಾತು.

ದೂರಿನ ಸುದ್ದಿ ಅವಳಿಗಿಂತ ಮುಂಚೆ ಊರು ಸೇರಿತ್ತು. ಬೆಳಿಗ್ಗೆ ಬಾಗಿಲು ತೆಗೆದರೆ ಜಗಲಿಯ ಮೇಲೆ ಇಂದ್ರಾಣಿ. ಕಾಲು ಹಿಡಿದುಕೊಂಡು ಅತ್ತಳು. "ದೊಡ್ಡವ್ವಾ, ಅವನ ವೇಲೆ ಹೋಯ್ತದೆ. ನಾನೇ ತಪ್ಪಾಗಿ ಹೇಳ್ದೆ ಅಂದ್ಬಿಡು." ವೇಲೆ ಅಂದರೆ ಕೆಲಸ, ಅದೊಂದು ಸಿಗಲಿ ಎಂದು ಆ ಮನೆಯವರು ಹರಕೆ ಹೊರದ ದೇವರಿರಲಿಲ್ಲ. ಎತ್ತಿ ಆಡಿಸಿದ ಹುಡುಗಿ ಕಾಲ ಬಳಿ ಬಿದ್ದಿರುವುದನ್ನು ನೋಡಲಾರದೆ ಓಚ್ಚಮ್ಮಾಳ್ ಒಳಗೆ ಹೋದಳು.

ಹತ್ತು ಗಂಟೆಗೆ ಜೀಪು ಬಂತು. ಎಂಜಿನಿಯರು ಹರಿಹರನ್ ಕಣ ದಾಟಿ ಬಂದು ಹೆಂಚಿನ ಮನೆಯನ್ನು ಮೇಲಿಂದ ಕೆಳಗೆ ನೋಡಿ, ಇಷ್ಟು ದೊಡ್ಡ ಮನೆಯನ್ನು ಖಾಲಿ ಸೈಟು ಅಂತ ಬರೆದವನು ಯಾರಯ್ಯಾ ಎಂದು ಗದರಿದ. ಹಿಂದೆ ನಿಂತಿದ್ದ ಮುತ್ತುಕುಮಾರ್ ಮುದುಕಿ ಬಾಯಿ ತೆರೆಯುವ ಮುಂಚೆಯೇ ಮುಂದೆ ಬಂದ.

"ಪಾಟಿಗೆ ತಮಿಳು ಬರಲ್ಲ ಸಾರ್. ಖಾಲಿ ಜಾಗ ಅಂತ ಅವರೇ ಹೇಳಿದ್ದು."

ಓಡೈಪಟ್ಟಿಯ ದ್ರಾಕ್ಷಿ ವ್ಯಾಪಾರಿಗಳನ್ನು ಜೀವಮಾನವಿಡೀ ತಮಿಳಿನಲ್ಲೇ ಬೈದು, ತಮಿಳಿನಲ್ಲೇ ನಗಿಸಿ ವ್ಯಾಪಾರ ಕುದುರಿಸಿದವಳು ಅವಳು. ಹರಿಹರನ್ ಒಳ್ಳೆಯವನೇ. ಕಿವುಡರ ಹತ್ತಿರ ಮಾತಾಡುವಂತೆ ಒಂದೊಂದೇ ಮಾತು ಬಿಡಿಸಿ, ಗಟ್ಟಿಯಾಗಿ, ಪಾಟಿ, ನಿಮಗೆ ತಮಿಳು ಬರುತ್ತದೋ ಎಂದು ಕೇಳಿದ. ಉತ್ತರ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಹುಡುಗನ ಮೂಗಿನ ಮೇಲೆ ಬೆವರು ಸಾಲುಗಟ್ಟಿತ್ತು. ಅಡುಗೆಮನೆಯಲ್ಲಿ ಸೊಸೆ ಕೊಡ ಇಳಿಸಿ ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. ಆದರೂ ಓಚ್ಚಮ್ಮಾಳ್ ಬರುವುದಿಲ್ಲವೆಂದು ತಲೆಯಾಡಿಸಿದಳು.

ಹಾಗಾದರೆ ಹೊಸ ಅರ್ಜಿ ಹಾಕಿಸು, ಮುಂದಿನ ವರ್ಷ ನೋಡೋಣ ಎಂದು ಹುಡುಗನಿಗೆ ಹೇಳಿ ಹರಿಹರನ್ ಜೀಪಿನ ಕಡೆ ತಿರುಗಿದ. ಹಿಂದೆಯೇ ಹೊರಟ ಮುತ್ತುಕುಮಾರನ ಮಣಿಕಟ್ಟನ್ನು ಮುದುಕಿ ಹಿಡಿದಳು. ದನಿ ಎತ್ತರಿಸದೆ ತನ್ನ ಮಾತಿನಲ್ಲೇ ಹೇಳಿದಳು.

"ನಿಮ್ಮವ್ವ ಹುಟ್ಟಿದ್ದು ಈ ಖಾಲಿ ಜಾಗದಾಗೇ ಕಣ್ಣೂ. ಹೊಕ್ಕಳಬಳ್ಳಿ ಕೊಯ್ದೋಳು ನಾನು."

ಈ ಸಲ ಹುಡುಗನಿಗೆ ಒಂದಕ್ಷರವೂ ತಪ್ಪದೆ ಅರ್ಥವಾಯಿತು. ಕಿವಿಯವರೆಗೂ ಕೆಂಪಾಗಿ ಕೈ ಬಿಡಿಸಿಕೊಂಡ. ಜೀಪು ಹತ್ತುತ್ತಿದ್ದ ಹರಿಹರನ್ ಹಿಂದಿರುಗಿ ನೋಡಿ, ಪಾಟಿ ಏನೋ ಹೇಳುತ್ತಿದ್ದಾರಲ್ಲ, ಏನದು ಎಂದು ಕೇಳಿದ.

"ನಿಮಗೆ ಒಳ್ಳೇದಾಗಲಿ ಅಂತಿದ್ದಾರೆ ಸಾರ್," ಎಂದ ಮುತ್ತುಕುಮಾರ್.