ದೀಪ ಆರದಿದ್ದರೆ

ಹರ್ಷಿತಳ ಬೆರಳು ‘ಚರ್ಚೆ ಮುಚ್ಚಿ’ ಎಂಬ ಗುಂಡಿಯನ್ನು ಇನ್ನೇನು ಒತ್ತಬೇಕು, ಅಷ್ಟರಲ್ಲಿ ರವಿಚಂದ್ರ ಮಗಳ ಕೈ ಹಿಡಿದು ತಡೆದ. ಸಾಸಲು ಗ್ರಾಮದ ಮನೆಯಲ್ಲಿ ಕುಳಿತು ಅವನು ನಡೆಸುತ್ತಿದ್ದ ರೈತರ ಆನ್‌ಲೈನ್ ವೇದಿಕೆಯ ಹಳೆಯ ಚರ್ಚೆಗಳನ್ನು ಅವಳು ಒಂದೊಂದಾಗಿ ಮುಚ್ಚುತ್ತಿದ್ದಳು; ಈ ಚರ್ಚೆಯಲ್ಲಿದ್ದ ಒಂದು ಉತ್ತರವೇ ಅವನ ಹೆಮ್ಮೆ. ಪಾಳುಬಾವಿಗೆ ಇಳಿಯುವ ಮುನ್ನ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡಿ, ದೀಪ ಆರದಿದ್ದರೆ ನಿರ್ಭಯವಾಗಿ ಇಳಿಯಿರಿ ಎಂದು 2009ರಲ್ಲಿ ಅವನು ಬರೆದಿದ್ದ. ನೂರಾರು ಜನ ಅದಕ್ಕೆ ವಂದನೆ ಹೇಳಿದ್ದರು.

“ಹತ್ತು ವರ್ಷದ ಹಳೇದು ಕಣಪ್ಪಾ, ಈಗ ಯಾರ್ ಓದ್ತಾರೆ?”

“ನಮ್ ತಾತನ ಕಾಲದ ಬುದ್ಧಿ ಕಣಮ್ಮ ಅದು. ಅದಕ್ಕೂ ಬೀಗ ಹಾಕ್ತೀಯಾ?”

ಅವನ ಮಾತಿಗೆ ಸಾಕ್ಷಿ ಹೇಳುವಂತೆ ಉತ್ತರದ ಕೆಳಗೆ ಹೊಸ ಸಾಲೊಂದು ಮೂಡಿತು. ರಾಜಘಟ್ಟದ ಆನಂದ್ ಎಂಬಾತ ಬರೆದಿದ್ದ: “ಥ್ಯಾಂಕ್ಸ್ ಸರ್. ದೀಪ ಆರಲಿಲ್ಲ. ನಮ್ಮಣ್ಣ ಇಳೀತಾ ಇದ್ದಾನೆ.”

“ನೋಡ್ದ್ಯಾ?” ಎಂದು ರವಿಚಂದ್ರ ನಕ್ಕ. ಹರ್ಷಿತ ನಗಲಿಲ್ಲ. ಬಾಶೆಟ್ಟಿಹಳ್ಳಿಯ ಕಾರ್ಖಾನೆಯೊಂದರಲ್ಲಿ ಸುರಕ್ಷತೆಯ ತರಬೇತಿ ಪಡೆದಿದ್ದ ಅವಳು ಅಪ್ಪನ ಆ ಉತ್ತರವನ್ನು ಆಗಷ್ಟೇ ಓದಿ ಬೆಚ್ಚಿದಳು.

“ಅಪ್ಪಾ, ಕೊಳೆತ ಕೆಸರಿಂದ ಏಳೋ ವಿಷಗಾಳಿಗೆ ದೀಪ ಆರಲ್ಲ, ಮನುಷ್ಯ ಬೀಳ್ತಾನೆ. ಬೇಡ ಅಂತ ಬರಿ, ಬೇಗ!”

ಅಷ್ಟು ವರ್ಷ ಆ ಉತ್ತರದ ಒಂದಕ್ಷರವನ್ನೂ ತಿದ್ದದ ಅವನ ಬೆರಳುಗಳು ಈಗ ಒಂದೇ ಒಂದು ಪದವನ್ನು ಮೂಡಿಸಲಾರದೆ ತಡವರಿಸಿದವು. ‘ಇಳಿಯಬೇಡಿ’ ಎಂದು ಅವನು ಬರೆದು ಮುಗಿಸುವ ಮೊದಲೇ ಆನಂದನ ಮತ್ತೊಂದು ಸಾಲು ಬಂದಿತು.

“ಎಷ್ಟು ಕೂಗಿದ್ರೂ ಅಣ್ಣ ಮಾತಾಡ್ತಿಲ್ಲ ಸರ್. ನಾನೂ ಇಳೀಲಾ?”