ನೂರಕ್ಕೆ ನೂರು ಪಡೆದ ಜೀಪು

ಮೆಕ್ಯಾನಿಕ್ ಗಿಲ್ದಾರ್ದೊ ತನ್ನ ಶೆಡ್ಡಿನಲ್ಲಿ ಸುತ್ತಿಗೆ ಎತ್ತಿದ್ದನಷ್ಟೇ, ಹಿಂದಿನಿಂದ ಕೂಗು ಕೇಳಿಸಿತು.

“ನಿಲ್ಸಯ್ಯಾ! ಅದು ಮೂಲ ಭಾಗ!”

ಕೂಗಿದವನು ಪರಂಪರೆ ಸಮಿತಿಯ ಲಿಸಿಮಾಕೊ. ಈ ಕಾಫಿ ಬೆಟ್ಟಗಳಲ್ಲಿ ಅಂಗಿ ಜೇಬಿಗೆ ಪೆನ್ನು ಸಿಕ್ಕಿಸಿದವರೆಲ್ಲ ‘ದೊತೋರ್’, ಅಂದರೆ ಡಾಕ್ಟರ್ ಸಾಹೇಬರು. ಇವನ ಜೇಬಿನಲ್ಲಿ ಮೂರು ಪೆನ್ನುಗಳಿದ್ದವು. ಬರುವ ಸೋಮವಾರದಿಂದ, ಎಲ್ಲ ಭಾಗಗಳೂ ಮೂಲದವೇ ಎಂಬ ಸಮಿತಿಯ ಪತ್ರವಿಲ್ಲದ ಜೀಪು ಪೇಟೆ ಚೌಕದಲ್ಲಿ ನಿಂತು ಬಾಡಿಗೆ ಹಿಡಿಯುವಂತಿರಲಿಲ್ಲ. ಸ್ಟೇರಿಂಗಿಗೆ ಹೊಸ ಭಾಗ ಹಾಕಿಸಿದ ತಪ್ಪಿಗೆ ಅಲ್ದೇಮಾರ್ ಎಂಬವನ ಜಾಗ ಆಗಲೇ ಹೋಗಿ, ಅವನ ಜೀಪು ಬಾಳೆಗಿಡಗಳ ಕೆಳಗೆ ಒಣ ಎಲೆ ಹೊದ್ದು ಮಲಗಿತ್ತು. ಇಪ್ಪತ್ತು ವರ್ಷಗಳಿಂದ ಅದೇ ಚೌಕದಿಂದ ಜನ, ಕಾಫಿ ಮೂಟೆ, ಹಂದಿಮರಿ ಎಲ್ಲವನ್ನೂ ಹೊತ್ತು ಬದುಕು ಸಾಗಿಸಿದ್ದ ರುಬಿಯೇಲಾ ಗಬಕ್ಕನೆ ಸುತ್ತಿಗೆ ಹಿಡಿದು ಕೆಳಗಿಳಿಸಿದಳು.

ಅವಳ ಜೀಪು ೧೯೫೪ರದು. ಮುಂದಿನ ಚಕ್ರಗಳನ್ನು ತಿರುಗಿಸುವ ಕಬ್ಬಿಣದ ತುಂಡು ತುಕ್ಕು ಹಿಡಿದು ತನ್ನ ಪಿನ್ನಿಗೇ ಕಚ್ಚಿಕೊಂಡು ನಾಲ್ಕು ದಿನವಾಗಿತ್ತು. ಶೆಡ್ಡಿಗೆ ಬರುವ ಕೊನೆಯ ಎರಡು ತಿರುವುಗಳಲ್ಲಿ ಪ್ರಯಾಣಿಕರೇ ಇಳಿದು, ಗಾಡಿಯ ಮೂತಿ ಎತ್ತಿ ತಿರುಗಿಸಿ, ಮತ್ತೆ ಹತ್ತಿ ಕೂತಿದ್ದರು. ಗಿಲ್ದಾರ್ದೊ ಅದಕ್ಕೆ ಡೀಸೆಲ್ ಕುಡಿಸಿದ್ದ, ಬೆಂಕಿ ಹಿಡಿದಿದ್ದ, ಅಮ್ಮ ಅಕ್ಕ ಎಂದು ಬೈದೂ ನೋಡಿದ್ದ. ಅದು ಜಗ್ಗಿರಲಿಲ್ಲ. ಕೊನೆಗೆ ಹೊಸ ತುಂಡು ತರಿಸಿ, ಹಳೆಯದನ್ನು ಹೊಡೆದು ಕೀಳಲು ಹೊರಟಿದ್ದ.

ಲಿಸಿಮಾಕೊ ಕರವಸ್ತ್ರ ಹಾಸಿ ಮೊಣಕಾಲೂರಿದ. ತುಕ್ಕನ್ನು ಬೆರಳಲ್ಲಿ ಸವರಿ ಮೂಸಿದ.

“ಆಹಾ! ಒಂದ್ಸಲಾನೂ ಬಿಚ್ಚಿಲ್ಲ!”

“ಬಿಚ್ಚೋಕೆ ಬಂದ್ರೆ ತಾನೇ” ಎಂದ ಗಿಲ್ದಾರ್ದೊ.

“ಅಪ್ಪಟ! ನೂರಕ್ಕೆ ನೂರು.”

“ಆದ್ರೆ ದೊತೋರ್, ಅದು ತಿರುಗಲ್ವಲ್ಲಾ” ಎಂದಳು ರುಬಿಯೇಲಾ.

“ತಿರುಗತ್ತಾ ಅಂತ ಫಾರಮ್ಮಲ್ಲಿ ಕೇಳಿಲ್ಲಮ್ಮ.” ಅವನು ಪತ್ರಕ್ಕೆ ಮುದ್ರೆ ಒತ್ತಿ ಅವಳ ಕೈಗಿತ್ತ. “ಇನ್ಮುಂದೆ ಇದನ್ನ ಮುಟ್ಟಿದ್ದು ಗೊತ್ತಾದ್ರೆ ಪತ್ರ ರದ್ದು.”

“ಚೌಕಕ್ಕೆ ಒಂಬತ್ತು ಕಿಲೋಮೀಟರು, ನಲವತ್ತೆರಡು ತಿರುವು. ಅಲ್ಲಿಗೆ ಹೋಗೋದಾದ್ರೂ ಹೇಗೆ?”

“ಅದು ಸಾರಿಗೆಯವರ ವಿಷಯ, ಪರಂಪರೆಯವರದ್ದಲ್ಲ.”

ಅಷ್ಟು ಹೇಳಿ ಅವನು ಗಡಿಯಾರ ನೋಡಿಕೊಂಡ. ಅವನನ್ನು ಬೆಟ್ಟ ಹತ್ತಿಸಿದ್ದ ಹಾಲಿನ ಲಾರಿ ಯಾವಾಗಲೋ ಹೊರಟುಹೋಗಿತ್ತು. ಒಂದು ಗಂಟೆಗೆ ಮೇಯರರ ಮನೆಯಲ್ಲಿ ಇಡೀ ಹಂದಿ ಸುಟ್ಟು ಊಟ ಹಾಕುವವರಿದ್ದರು.

“ನನ್ನನ್ನ ಪೇಟೆಗೆ ಬಿಟ್ಬಿಡಿ ದೋನ್ಯಾ ರುಬಿಯೇಲಾ.”

“ಅದಕ್ಕೇನಂತೆ, ಹತ್ತಿ.” ಅವಳು ಬಲು ಮರ್ಯಾದೆಯಿಂದ ಬಾಗಿಲು ತೆರೆದಳು. “ನೂರಡಿ ನೆಟ್ಟಗೆ ಹೋಗತ್ತೆ. ಆಮೇಲೆ ರಸ್ತೆ ತಿರುಗತ್ತೆ, ನಾವು ಮಾತ್ರ ನೆಟ್ಟಗೇ ಹೋಗ್ತೀವಿ.”

“ನೆಟ್ಟಗೆ ಹೋದ್ರೆ ಏನಿದೆ?”

“ಹೊಳೆ. ಕೆಳಗಡೆ. ತುಂಬಾ ಕೆಳಗಡೆ.”

“ಅದೂ ಮೂಲದ್ದೇ ದೊತೋರ್, ಯಾರೂ ಮುಟ್ಟಿಲ್ಲ” ಎಂದು ಗಿಲ್ದಾರ್ದೊ ಸೇರಿಸಿದ.

ಒಳಗಿಟ್ಟಿದ್ದ ಕಾಲನ್ನು ಲಿಸಿಮಾಕೊ ಮೆಲ್ಲಗೆ ಹೊರಗೆಳೆದುಕೊಂಡ. ರಸ್ತೆ ನೋಡಿದ, ಮತ್ತೆ ಗಡಿಯಾರ ನೋಡಿದ, ಗಂಟಲು ಸರಿಮಾಡಿಕೊಂಡ.

“ನೋಡಿ, ಬರೆದಿದ್ದು ಬರೆದಾಯ್ತು. ನಾನು ಕಣ್ಣಾರೆ ನೋಡದೆ ಇದ್ದಿದ್ದನ್ನ ಬರೆಯೋಕಾಗಲ್ಲ. ಅಂದಹಾಗೆ, ಕಣಿವೆ ಎಲ್ಲಿಂದ ಚೆನ್ನಾಗಿ ಕಾಣತ್ತೆ?”

“ಶೆಡ್ಡಿನ ಹಿಂದುಗಡೆಯಿಂದ!” ಇಬ್ಬರೂ ಒಟ್ಟಿಗೆ ಹೇಳಿದರು.

ರುಬಿಯೇಲಾ ಅವನಿಗೆ ಕುರ್ಚಿ ಹಾಕಿ, ಬಿಸಿ ಬೆಲ್ಲದ ನೀರನ್ನೂ ಅದ್ದಿಕೊಳ್ಳಲು ಚೀಸಿನ ತುಂಡನ್ನೂ ಕೊಟ್ಟಳು. ಅವನು ಕಣಿವೆಯತ್ತ ಮುಖ ಮಾಡಿ ಕೂತ. ಶೆಡ್ಡಿನೊಳಗೆ ಕಬ್ಬಿಣದ ಮೇಲೆ ಕಬ್ಬಿಣ ಬಡಿಯತೊಡಗಿತು.

“ಏನದು ಶಬ್ದ?” ಅವನು ತಿರುಗದೆಯೇ ಕೇಳಿದ.

“ಮರಕುಟಿಗ, ದೊತೋರ್.”

“ಭಾರೀ ಹಕ್ಕಿ” ಎಂದು ಅವನು ಚೀಸು ಅದ್ದಿದ.

ಮರಕುಟಿಗ ಮುಕ್ಕಾಲು ಗಂಟೆ ಬಡಿಯಿತು, ಎರಡು ಸಲ ಕೆಟ್ಟದಾಗಿ ಬೈಯಿತು, ಆಮೇಲೆ ಸುಮ್ಮನಾಯಿತು. ಗಿಲ್ದಾರ್ದೊ ಗ್ರೀಸಿನ ಕೈ ಒರೆಸಿಕೊಳ್ಳುತ್ತ ಹೊರಬಂದು ತಲೆಯಾಡಿಸಿದ.

ಜೀಪು ಹೊರಟಿತು. ಮೊದಲ ತಿರುವು ಬರುತ್ತಲೇ ಲಿಸಿಮಾಕೊ ಕಣ್ಣು ಮುಚ್ಚಿ ಶಿಲುಬೆಯ ಗುರುತು ಮಾಡಿಕೊಂಡ. ರುಬಿಯೇಲಾ ಒಂದೇ ಕೈಯಲ್ಲಿ ಸ್ಟೇರಿಂಗ್ ತಿರುಗಿಸಿದಳು. ಹೇಳಿದ ಮಾತು ಕೇಳುವ ಮಗುವಿನಂತೆ ಚಕ್ರಗಳು ಹೊರಳಿದವು. ಸೋಮವಾರ ತಾನು ಚೌಕದಲ್ಲಿರುತ್ತೇನೆ ಎಂದುಕೊಂಡಾಗ ಅವಳ ಎದೆ ಹಗುರಾಯಿತು.

ಲಿಸಿಮಾಕೊ ಕಣ್ಣು ಬಿಟ್ಟ. ತಿರುವು ಹಿಂದೆ ಉಳಿದಿತ್ತು. ಅವನು ಜೀಪಿನ ಮೈಯನ್ನು ಮೆಲ್ಲಗೆ ಸವರಿದ.

“ನೋಡಿದ್ರಾ? ಎಪ್ಪತ್ತು ವರ್ಷದ ಕಬ್ಬಿಣ! ನೀವೆಲ್ಲ ಹೊಸದು, ಹೊಸದು ಅಂತ ಸಾಯ್ತೀರಿ. ಹೊಸದು ಹಾಕ್ಸಿದ್ರೆ ಹೀಗೆ ತಿರುಗ್ತಿತ್ತಾ?”

ಹಾಸ್ಯ ಮಾಡುತ್ತಿದ್ದಾನೆಂದು ರುಬಿಯೇಲಾ ನಗುತ್ತ ಅವನತ್ತ ನೋಡಿದಳು. ಹೆಮ್ಮೆಯಿಂದ ಅವನ ಕಣ್ಣುಗಳು ನಿಜಕ್ಕೂ ಒದ್ದೆಯಾಗಿದ್ದವು.