ಬಾಯಿ ತುಂಬಿದ್ದಾಗ ಬಂದ ಸದ್ದು

‘ಟಿಂಯ್... ಟಿಂಯ್ ಟಿಂಯ್.’

“ಬಾಯಿ ಮುಚ್ಚು ಅಕ್ಷಿತ್,” ಎಂದಳು ಅಶ್ಮಿತಾ, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ. ನಾಯ್ಮಾರ್ಮೂಲೆಯ ಆ ಪುಟ್ಟ ಕೇಬಲ್ ಚಾನೆಲ್‌ನಲ್ಲಿ ಯಂತ್ರಗಳ ಉಸ್ತುವಾರಿ ಅವಳದ್ದು, ಬಾಯಿಯ ಉಸ್ತುವಾರಿ ಅಕ್ಷಿತನದ್ದು. ವಾರ್ತೆ ಓದುವವ ಅವನೇ, ಅದೂ ಎರವಲು ತಂದ ಗತ್ತಿನ ಸ್ವರದಲ್ಲಿ. ಓದದ ಹೊತ್ತಿನಲ್ಲಿ ಕುಂಜತ್ತೂರು ಬಸ್ಸಿನ ಕಂಡಕ್ಟರ್, ಯಜಮಾನ ಗಿಲ್ಬರ್ಟರ ಕೆಮ್ಮು, ಪಕ್ಕದ ಹೋಟೆಲಿನ ಮಿಕ್ಸಿ, ಎಲ್ಲವೂ ಅವನ ಗಂಟಲಲ್ಲಿ ಬಾಡಿಗೆಗಿದ್ದವು. ಒಳಕೋಣೆಯ ಸ್ಟೋರೇಜ್ ಪೆಟ್ಟಿಗೆ ಅಪಾಯ ಬಂದಾಗ ಕೂಗುವ ಸದ್ದನ್ನೂ ಕಲಿತುಬಿಟ್ಟಿದ್ದ. ಮೊದಮೊದಲು ಅಶ್ಮಿತಾ ಚಹಾ ಚೆಲ್ಲಿಕೊಂಡು ಓಡುತ್ತಿದ್ದಳು. ಆಮೇಲೆ ಓಡುವುದನ್ನೇ ಬಿಟ್ಟಳು.

‘ಟಿಂಯ್ ಟಿಂಯ್.’

ಸಿಟ್ಟಿನಿಂದ ತಿರುಗಿದಳು. ಪಂಚಾಯತ್ ಚುನಾವಣೆಯ ಎಣಿಕೆಯ ದಿನ. ಊರಿಡೀ ಎಲ್ಲರ ಬಾಯಲ್ಲೂ ಮತ, ಅಕ್ಷಿತನ ಬಾಯಲ್ಲಿ ಮಾತ್ರ ಗೋಳಿಬಜೆ. ಅದೂ ಒಂದಲ್ಲ, ಎರಡು. ಕೆನ್ನೆಗಳು ಉಬ್ಬಿ, ಕಣ್ಣು ಪಿಳಿಪಿಳಿ ಎನ್ನುತ್ತಿತ್ತು. ಆ ಬಾಯಿಂದ ಉಸಿರು ಹೊರಡುವುದೇ ಕಷ್ಟ, ಇನ್ನು ಟಿಂಯ್ ಎಲ್ಲಿಂದ?

ಅಶ್ಮಿತಾ ಕುರ್ಚಿ ಉರುಳಿಸಿ ಒಳಕೋಣೆಗೆ ಓಡಿದಳು. ಎಣಿಕೆ ಕೇಂದ್ರಗಳಿಂದ ಬಂದ ವಿಡಿಯೊ, ವಾರ್ಡುಗಳ ಫಲಿತಾಂಶ, ಜಾಹೀರಾತು, ಎಲ್ಲ ಇದ್ದದ್ದು ಆ ಒಂದು ಪೆಟ್ಟಿಗೆಯಲ್ಲಿ. ಅಲ್ಲಿಂದ ಅದನ್ನೆಲ್ಲ ಟಿ.ವಿ.ಗೆ ಕಳಿಸುವ ಸರ್ವರ್‌ಗೆ ಎರಡು ಕೇಬಲ್, ಎಂದರೆ ಎರಡು ದಾರಿ. ಒಂದು ಸತ್ತರೆ ಕೆಲಸವೆಲ್ಲ ತಾನಾಗಿ ಇನ್ನೊಂದಕ್ಕೆ ಹೋಗುತ್ತದೆ. “ಎರಡು ದಾರಿ ಉಂಟು ಸರ್, ನೀವು ನಿದ್ದೆ ಮಾಡಿ” ಎಂದು ಗಿಲ್ಬರ್ಟರಿಗೆ ಮಾತು ಕೊಟ್ಟವಳೂ ಅವಳೇ. ಈಗ ಎಡದ ಕೇಬಲಿನ ದೀಪ ಹೊತ್ತುತ್ತಿತ್ತು, ಆರುತ್ತಿತ್ತು, ಮತ್ತೆ ಹೊತ್ತುತ್ತಿತ್ತು. ಹೊರಗೆ ಟಿ.ವಿ.ಯಲ್ಲಿ, ಪುತ್ತಿಗೆಯಲ್ಲಿ ಗೆದ್ದವರೊಬ್ಬರು ಹಾರಕ್ಕೆಂದು ತಲೆ ಬಗ್ಗಿಸಿದವರು ಬಗ್ಗಿಸಿಯೇ ಇದ್ದರು.

“ಎಂತ ಮಾರಾಯ್ತಿ ಇದು?” ಗಿಲ್ಬರ್ಟರು ಬಾಗಿಲಲ್ಲಿ. “ಈಗ ರಿಮೋಟ್ ಒತ್ತಿ ಹೋದವರು ಮುಂದಿನ ಚುನಾವಣೆಯವರೆಗೆ ನಮ್ಮತ್ರ ಬರ್ಲಿಕ್ಕಿಲ್ಲ. ಎರಡು ದಾರಿ ಉಂಟು ಅಂದದ್ದಲ್ವಾ ನೀನು?”

“ಇದು ಪೂರ್ತಿ ಸತ್ತಿದ್ರೆ ಒಳ್ಳೇದಿತ್ತು ಸರ್. ಹೈವೇ ಕೆಲಸದವರು ರಸ್ತೆ ಮುಚ್ಚಿದ್ರೆ ಬಸ್ಸು ಸರ್ವಿಸ್ ರೋಡಲ್ಲಿ ಹೋಗ್ತದೆ. ಒಮ್ಮೆ ಬಿಡುದು, ಒಮ್ಮೆ ತಡೆಯುದು ಮಾಡಿದ್ರೆ? ಈಗ ಬಿಡ್ತಾರೆ, ಈಗ ಬಿಡ್ತಾರೆ ಅಂತ ಎಲ್ಲ ಅಲ್ಲೇ ಕಾಯ್ತಾರೆ.”

“ಹಾಗಾದ್ರೆ ಅದನ್ನು ಕಿತ್ತು ಬಿಸಾಡು.”

ಕೀಳಲು ಕೈ ಇಟ್ಟವಳು ಹಾಗೆಯೇ ನಿಂತಳು. ಬಲದ ಕೇಬಲಿನ ದೀಪ ಹೊತ್ತಿರಲೇ ಇಲ್ಲ.

“ಅಕ್ಷಿತ್, ಶುಕ್ರವಾರ ಮಧ್ಯಾಹ್ನ ಟಿಂಯ್ ಅಂದದ್ದು ನೀನಲ್ವಾ?”

ಅಕ್ಷಿತ್ ಗೋಳಿಬಜೆ ನುಂಗಿದ. “ಶುಕ್ರವಾರ ನಾನು ರಜೆ ಅಕ್ಕ. ತಂಗಿಯ ನಿಶ್ಚಯ ಇತ್ತಲ್ಲ.”

ಬಲದ ದಾರಿ ಅಂದೇ ಸತ್ತಿತ್ತು. ಯಂತ್ರ ಕೂಗುವಷ್ಟು ಕೂಗಿ ಸುಮ್ಮನಾಗಿತ್ತು. ಅವಳು ತಿರುಗಿಯೂ ನೋಡದೆ ಖಾಲಿ ಕುರ್ಚಿಗೆ ಬಾಯಿ ಮುಚ್ಚಲು ಹೇಳಿದ್ದಳು.

“ನೀನು ಹೋಗಿ ಕ್ಯಾಮರಾದ ಎದುರು ನಿಲ್ಲು,” ಎಂದಳು. “ಲೈವ್ ಹೋಗ್ಲಿಕ್ಕೆ ಈ ಪೆಟ್ಟಿಗೆ ಬೇಡ. ನಾನು ಹೇಳುವವರೆಗೆ ಜನರನ್ನು ಹಿಡಿದಿಡು.”

“ಎಂತ ಮಾಡ್ಲಿ?”

“ಇಷ್ಟು ದಿನ ಎಂತ ಮಾಡಿದ್ಯೋ, ಅದೇ.”

ಮರುಕ್ಷಣ ಮನೆಮನೆಯ ಟಿ.ವಿ.ಯೊಳಗೆ ಪ್ರಚಾರದ ಜೀಪು ಬಂತು. ಮೈಕು ಕಿರುಚಿತು. ಗೆದ್ದವನು ಗದ್ಗದನಾದ, ಸೋತವನು ನೈತಿಕವಾಗಿ ಗೆದ್ದ, ಮಾಲೆಪಟಾಕಿ ಸಿಡಿಯಿತು, ಕೊನೆಯದ್ದೊಂದು ಟುಸ್ಸೆಂದಿತು. ಎಲ್ಲಕ್ಕೂ ಒಂದೇ ಗಂಟಲು.

ಅಶ್ಮಿತಾ ನೆಲದಲ್ಲಿ ಮೊಣಕಾಲೂರಿ ಬಲದ ಕೇಬಲಿನ ಜಾಡು ಹಿಡಿದಳು. ಎಣಿಕೆಯ ದಿನ ಬರುವ ಅತಿಥಿಗಳ ಚಹಾಕ್ಕೆಂದು ಗಿಲ್ಬರ್ಟರು ಶುಕ್ರವಾರ ತಂದಿಡಿಸಿದ್ದ ಮೇಜಿನ ಕಾಲು ಅದರ ಬೆನ್ನ ಮೇಲೆ ನಿಂತಿತ್ತು. ಗಿಲ್ಬರ್ಟರೇ ಬಗ್ಗಿ ಮೇಜು ಎತ್ತಿದರು. ಕಪಾಟಿನಿಂದ ಹೊಸ ಕೇಬಲ್ ಬಂತು. ಎರಡೂ ತುದಿ ಕೂತಾಗ ಹಸಿರು ದೀಪ ಹೊತ್ತಿತು.

“ಈಗ ಎಡದ್ದನ್ನು ಕೀಳು.”

“ತಾಳಿ ಸರ್. ದಾರಿ ಸರಿ ಉಂಟಾ ಅಂತ ಸರ್ವರ್ ಮೊದಲು ನಡೆದು ನೋಡ್ಬೇಕು. ನಂಬಿಕೆ ಬಂದ ಮೇಲೆಯೇ ಹೊರೆ ಹೊರಿಸುದು.”

ಕಂಪ್ಯೂಟರಿನಲ್ಲಿ ಎರಡನೇ ದಾರಿ ಸಿದ್ಧ ಎಂದು ಬಂತು. ಅಶ್ಮಿತಾ ಕಣ್ಣು ಮುಚ್ಚಿ ಎಡದ ಕೇಬಲನ್ನು ಎಳೆದಳು. ಅಕ್ಷಿತನಿಗೆ ಸಾಕೆಂದು ಕೂಗಿದಳು. ಹೊರಗೆ ಟಿ.ವಿ.ಯಲ್ಲಿ ಪುತ್ತಿಗೆಯವರು ಮರಳಿದರು, ಅಷ್ಟು ಹೊತ್ತು ಬಗ್ಗಿದ್ದ ಕೊರಳಿಗೆ ಹಾರ ಬಿತ್ತು.

ಮರುದಿನ ಅವಳು ಅಕ್ಷಿತನನ್ನು ಕರೆದು ಕೂರಿಸಿದಳು. “ಪೆಟ್ಟಿಗೆಯ ಸದ್ದು ಬದಲಿಸ್ತೇನೆ. ನಿನಗೆ ಮಾಡ್ಲಿಕ್ಕೆ ಬಾರದ ಸ್ವರ ಯಾವುದುಂಟು?”

ಅಕ್ಷಿತ್ ಯೋಚಿಸಿದ. ಕಂಡಕ್ಟರಿನಿಂದ ಮಿಕ್ಸಿಯವರೆಗೆ ಬೆರಳು ಮಡಚಿ ಎಣಿಸಿದ. “ನಂದೇ,” ಎಂದ.

ಅಶ್ಮಿತಾ ಅವನೆದುರು ಮೈಕು ಹಿಡಿದಳು. ಮೊದಲ ಸಲ ಅವನ ಬಾಯಿಂದ ಕಂಡಕ್ಟರ್ ಬಂದ. ಮತ್ತೊಂದು ಸಲ ಗಿಲ್ಬರ್ಟರ ಕೆಮ್ಮು ಬಂತು. ಕೊನೆಗೆ ಅವಳನ್ನು ಹೊರಗೆ ಕಳುಹಿಸಿ, ಬಾಗಿಲು ಹಾಕಿಕೊಂಡು, ಒಬ್ಬನೇ ಹೇಳಿದ.

ಸಂಜೆ ಚಹಾದ ಹೊತ್ತಿಗೆ ಅಶ್ಮಿತಾ ಯಾರಿಗೂ ಹೇಳದೆ ಒಂದು ಕೇಬಲ್ ಕಿತ್ತು ನೋಡಿದಳು. “ಅಕ್ಕ, ಒಂದು ದಾರಿ ಹೋಯ್ತು,” ಎಂದಿತು ಪೆಟ್ಟಿಗೆ, ಮೆತ್ತಗೆ, ಸ್ವಲ್ಪ ನಾಚಿಕೊಂಡು. ಆ ಸ್ವರವನ್ನು ಆಫೀಸಿನಲ್ಲಿ ಯಾರೂ ಅದುವರೆಗೆ ಕೇಳಿರಲಿಲ್ಲ. ಎಲ್ಲರೂ ಒಟ್ಟಿಗೆ ಎದ್ದು ನಿಂತರು.